ಗೌರಿ ಕೇಸಿನ ಆರೋಪಿಗಳೇ ಹೊರಗಿದ್ದಾರೆ, ನಾನು ದೂರು ಕೊಟ್ಟು ಏನು ಪ್ರಯೋಜನ?

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆ ಕಡೆಯವನು. ಜಿಲ್ಲೆಯ ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರ. ಸ್ವಲ್ಪ ಕಾಫಿ ತೋಟ ಇದೆ, ಹಾಗಾಗಿ ಹೊಟ್ಟೆಪಾಡು ನಡೆಯುತ್ತಿದೆ. ರೆಸಾರ್ಟ್ ಒಂದಕ್ಕೆ ಗುಡ್ಡ ಕೊರೆಯುತ್ತಿರುವ ಬಗ್ಗೆ ಎರಡು ವರದಿ ಮಾಡಿದೆ. ಎರಡನೆಯದು ಬಂದ ದಿನ ರಾತ್ರಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಬೆಂಗಳೂರಲ್ಲಿ ಆ ಪತ್ರಕರ್ತೆಗೆ ಏನಾಯ್ತು ಗೊತ್ತಲ್ವಾ" ಎಂದು ಕೇಳಿ ಇಟ್ಟುಬಿಟ್ಟರು. ಠಾಣೆಗೆ ಹೋದೆ. "ಸುಮ್ನೆ ಯಾಕೆ ಕೇಸು ಗೀಸು, ಮಾತಾಡಿ ಮುಗಿಸ್ಕೊಳ್ಳಿ" ಅಂದರು. ಸಂಪಾದಕರು ಸ್ವಲ್ಪ ದಿನ ಆ ವಿಷಯ ಬಿಡಿ ಅನ್ನುತ್ತಾರೆ. ಅಪ್ಪ, ಮನೆಯಲ್ಲಿ ಕೋವಿ ಇದೆಯಲ್ಲ, ಹೆದರಬೇಡ ಅನ್ನುತ್ತಾರೆ. ಗೌರಿ ಲಂಕೇಶ್ ಕೊಲೆಯಾಗಿ ಎಷ್ಟು ವರ್ಷವಾಯಿತು! ಆರೋಪಿಗಳು ಜಾಮೀನಿನಲ್ಲಿ ಹೊರಗಿದ್ದಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ನಾವು ಮೇಣದ ಬತ್ತಿ ಹಚ್ಚಿ ಮನೆಗೆ ಬರುತ್ತೇವೆ. ಅವರಿಗೇ ನ್ಯಾಯ ಸಿಗದಿದ್ದರೆ ನನ್ನಂಥವನ ದೂರಿಗೆ ಏನು ಬೆಲೆ? ಇನ್ನು ಮುಂದೆ ಬೈಲೈನ್ ಇಲ್ಲದೆ, ಅಂದರೆ ವರದಿಯ ಮೇಲೆ ನನ್ನ ಹೆಸರು ಹಾಕದೆ ಬರೆದರೆ ಸಾಕಾ?

ಉತ್ತರ: ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ, ಗೌರಿ ಕೇಸಿಗೆ ಆಮೇಲೆ ಬರೋಣ. ನೀವು ಠಾಣೆಗೆ ಹೋಗಿ ಬಾಯಲ್ಲಿ ಹೇಳಿ ಬಂದಿದ್ದೀರಿ. ಬಾಯಲ್ಲಿ ಹೇಳಿದ್ದನ್ನೂ ಪೊಲೀಸರು ಬರೆದುಕೊಳ್ಳಬೇಕು ಅಂತ ಕಾಯ್ದೆ ಇದೆ. ಆದರೆ ಬರೆದುಕೊಂಡಿಲ್ಲ ಅಲ್ವಾ? ಹಾಗಾದರೆ ದಾಖಲೆಯ ಮಟ್ಟಿಗೆ ಆ ಕರೆ ಬಂದೇ ಇಲ್ಲ. ನಾಳೆ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಂಡು ಕೂತು ಬರೆಯಿರಿ.

ಏನು ಬರೆಯಬೇಕು? ಯಾವ ದಿನ, ಎಷ್ಟು ಗಂಟೆ, ಯಾವ ನಂಬರು. ಆ ಮನುಷ್ಯ ಆಡಿದ ಮಾತನ್ನು ಅವನು ಆಡಿದ ಹಾಗೆಯೇ ಬರೆಯಿರಿ. "ಬೆದರಿಕೆ ಹಾಕಿದರು" ಎಂದು ನಿಮ್ಮ ಮಾತಿನಲ್ಲಿ ಬರೆದರೆ ಅದಕ್ಕೆ ಜಾಸ್ತಿ ತೂಕ ಇಲ್ಲ. "ಬೆಂಗಳೂರಲ್ಲಿ ಆ ಪತ್ರಕರ್ತೆಗೆ ಏನಾಯ್ತು ಗೊತ್ತಲ್ವಾ" ಅನ್ನುವ ವಾಕ್ಯವೇ ಬೇಕು, ಯಾಕೆಂದರೆ ಅದು ಕೊಲೆಯ ಮಾತು, ಸುಮ್ನೆ ಬೈಗುಳ ಅಲ್ಲ. ಎರಡೂ ವರದಿಯ ಕಟಿಂಗ್ ಲಗತ್ತಿಸಿ. ಯಾರ ಮೇಲಾದರೂ ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯಿರಿ, ಇಂಥವರೇ ಮಾಡಿಸಿದ್ದು ಅಂತ ಖಚಿತವಾಗಿ ಬರೆಯಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಕೊಡಲ್ಲ ಅಂದರೆ ಜಗಳ ಬೇಡ. ಅದೇ ದೂರನ್ನು ಮಡಿಕೇರಿಯ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಈ ದಾರಿ ಇದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ಇಲ್ಲೊಂದು ಕಿರಿಕಿರಿ ಇದೆ, ಮೊದಲೇ ತಿಳಿದಿರಲಿ. ಕೊಲೆ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351(3)ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಕರೆ ಮಾಡಿದವನು ತಾನು ಯಾರೆಂದು ಮುಚ್ಚಿಟ್ಟಿದ್ದರೆ 351(4)ರ ಪ್ರಕಾರ ಅದರ ಮೇಲೆ ಇನ್ನೂ 2 ವರ್ಷದವರೆಗೆ ಸೇರಬಹುದು. ಕೇಳಲು ದೊಡ್ಡದಾಗಿದೆ. ಆದರೆ ಇದು ಅಸಂಜ್ಞೇಯ (ಎನ್‌ಸಿ) ಅಪರಾಧ, ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಾಗಿ ಠಾಣೆಯಲ್ಲಿ "ಇದು ಎನ್‌ಸಿ ಆಗುತ್ತೆ ಅಷ್ಟೇ" ಅನ್ನುತ್ತಾರೆ. ಅಲ್ಲಿಗೆ ಎದ್ದು ಬರಬೇಡಿ. ಎನ್‌ಸಿ ಆದರೂ ದಾಖಲಾಗಲಿ, ನಂಬರು ಕೊಡಲಿ. ಆಮೇಲೆ ಕೋರ್ಟಿನ ಅನುಮತಿ ತೆಗೆದುಕೊಂಡು ಎಫ್‌ಐಆರ್ ಮಾಡುವುದು ನಮ್ಮ ಕರ್ನಾಟಕದಲ್ಲಿ ದಿನನಿತ್ಯ ನಡೆಯುವ ಕೆಲಸ. ಮಾಡಬೇಕು ಅನ್ನುವ ಮನಸ್ಸು ಬೇಕು ಅಷ್ಟೇ. ಒಂದು ಹಿಂಬರಹ ಕೊಟ್ಟು "ಅರ್ಜಿ ವಿಚಾರಣೆ ಮಾಡಿ ಮುಕ್ತಾಯಗೊಳಿಸಲಾಗಿದೆ" ಎಂದು ಕಳಿಸಿದರೆ ಅದನ್ನೂ ಹರಿದು ಎಸೆಯಬೇಡಿ. ಫೈಲಿನಲ್ಲಿ ಇಡಿ. ಅದಕ್ಕೂ ಒಂದು ದಿನ ಬೆಲೆ ಬರುತ್ತದೆ.

ಫೋನಿನಲ್ಲಿ ಆ ಕರೆಯ ಲಾಗ್ ಅಳಿಸಬೇಡಿ. ರೆಕಾರ್ಡ್ ಆಗಿದ್ದರೆ ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಕಳಿಸಿ ಸುಮ್ಮನಾಗಬೇಡಿ, ಮೂಲ ಫೈಲು ಮೂಲ ಫೋನಿನಲ್ಲೇ ಇರಬೇಕು. ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಫೋನ್ ಬದಲಾಯಿಸಿ, ಹಳೆಯದನ್ನು ಮಾರಿ, ಆಮೇಲೆ ನನ್ನ ಹತ್ತಿರ ಬಂದರೆ ನಾನೂ ಕೈಚೆಲ್ಲಬೇಕಾಗುತ್ತದೆ.

ಕೋವಿಯ ವಿಷಯ. ಅಪ್ಪನ ಧೈರ್ಯ ದೊಡ್ಡದು, ಆದರೆ ಈ ಸಲಹೆ ಕೇಳಬೇಡಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ ನಿಜ. ಕೋವಿ ಕೈಲ್ ಮುಹೂರ್ತದ ಪೂಜೆಗೆ ಇರಲಿ. ಬೆದರಿಕೆ ಹಾಕಿದವನ ಎದುರು ನೀವು ಅದನ್ನು ಎತ್ತಿದಿರೋ, ಮಾರನೇ ದಿನ ಆರೋಪಿ ನೀವೇ. ಕೌಂಟರ್ ಕೇಸ್ ಹಾಕಲು ಅವರು ಕಾಯುತ್ತಿರುತ್ತಾರೆ. ನಿಮ್ಮ ವರದಿ, ಗುಡ್ಡ, ಎಲ್ಲ ಮರೆತುಹೋಗಿ ಊರೆಲ್ಲ ಕೋವಿಯ ಕಥೆ ಮಾತಾಡುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ನ್ಯಾಯ ಸಿಗುತ್ತಾ?

ಗೌರಿ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ ರಚನೆಯಾಯಿತು. 2018ರ ನವೆಂಬರ್‌ನಲ್ಲಿ 9 ಸಾವಿರಕ್ಕೂ ಹೆಚ್ಚು ಪುಟದ ಚಾರ್ಜ್‌ಶೀಟ್ ಸಲ್ಲಿಕೆಯಾಯಿತು, 18 ಆರೋಪಿಗಳು. ಇದು ಬೆಂಗಳೂರಿನ ಸುದ್ದಿ ಅಂತ ನಾವು ಇಲ್ಲಿ ಕೂತು ಹೇಳುವಂತಿಲ್ಲ, ಬಂಧಿತರಲ್ಲಿ ಮಡಿಕೇರಿ ಕಡೆಯವರೊಬ್ಬರೂ ಇದ್ದರು. ಕೇಸು ಮುಗಿಯುವವರೆಗೆ ಅವರು ಆರೋಪಿ ಮಾತ್ರ, ಹಾಗಾಗಿ ಹೆಸರು ಬರೆಯುವುದಿಲ್ಲ. ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ. ಅಂದರೆ ಕೊಲೆಯಾಗಿ ಸುಮಾರು 5 ವರ್ಷದ ನಂತರ! 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮೊದಲ ಜಾಮೀನು ಕೊಟ್ಟಿತು. ಆಗ ಕೋರ್ಟ್ ನೋಡಿದ ಲೆಕ್ಕ ಇಷ್ಟೇ: ಪಟ್ಟಿಯಲ್ಲಿರುವ ಸಾಕ್ಷಿಗಳು 527, ವಿಚಾರಣೆ ಆಗಿದ್ದು 90. ಹೀಗೆ ಹೋದರೆ ಕೇಸು ಸದ್ಯಕ್ಕೆ ಮುಗಿಯಲ್ಲ, ಅಲ್ಲಿಯವರೆಗೆ ಮನುಷ್ಯನನ್ನು ಒಳಗೆ ಇಡುವುದು ಹೇಗೆ ಅನ್ನುವುದು ವಾದ. 2024ರ ಆಗಸ್ಟ್‌ನಲ್ಲಿ ಆ ಜಾಮೀನು ರದ್ದು ಮಾಡಲು ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಅದರ ಹಿಂದೆಯೇ ಉಳಿದವರೂ ಸಾಲಾಗಿ ಹೊರಬಂದರು.

ನನಗೆ ಈ ಜಾಮೀನುಗಳ ಮೇಲೆ ಸಿಟ್ಟಿಲ್ಲ. ಓದಿ ಬೈಯಬೇಡಿ. ಜಾಮೀನು ಅಂದರೆ ಬಿಡುಗಡೆ ಅಲ್ಲ. ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿ ಕೂಡಿಡುವುದನ್ನು ಇವತ್ತು ನಾವು ಸರಿ ಅಂದರೆ, ನಾಳೆ ಅದೇ ಅಳತೆಯಲ್ಲಿ ಪತ್ರಕರ್ತರನ್ನೇ ಕೂಡಿಡುತ್ತಾರೆ, ಹಾಗೆ ಆಗಿಯೂ ಇದೆ. ನನ್ನ ಸಿಟ್ಟು ಆ 527ಕ್ಕೆ 90ರ ಮೇಲೆ. ಸಾಕ್ಷಿಗೆ ಸಮನ್ಸ್ ತಲುಪಿಲ್ಲ, ವಕೀಲರು ಬಂದಿಲ್ಲ, ನ್ಯಾಯಾಧೀಶರ ವರ್ಗಾವಣೆ, ಮತ್ತೆ ವಾಯಿದೆ. ನ್ಯಾಯ ಸೋರಿಹೋಗುವುದು ಇಲ್ಲಿ. ಇದರ ಮೇಲೆ ಯಾರೂ ಮೆರವಣಿಗೆ ಮಾಡುವುದಿಲ್ಲ. ಸಿಟ್ಟು ಬರುವ ಇನ್ನೊಂದು ಸಂಗತಿಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಹಾರ ಹಾಕುವುದು ಅಪರಾಧವೇನಲ್ಲ. ಆದರೆ ನಾಳೆ ಕಟಕಟೆ ಹತ್ತಬೇಕಾದ ಸಾಕ್ಷಿ ಆ ಫೋಟೋ ನೋಡಿರುತ್ತಾನಲ್ಲ?

ಇನ್ನು ಇಂಥ ಕೇಸುಗಳು ಮುಂದೆ ಹೋದದ್ದು ಹೇಗೆ ಅಂತ ನೋಡಿ. ನಾನು ಇವುಗಳ ತೀರ್ಪುಗಳನ್ನು, ಆದೇಶಗಳನ್ನು ಓದಿದಾಗ ಪ್ರತಿ ಸಲವೂ ಕಣ್ಣಿಗೆ ಬೀಳುವುದು ಒಂದೇ. ಮನೆಯವರು ಬಿಡಲಿಲ್ಲ.

ಹರಿಯಾಣದ ಸಿರ್ಸಾದಲ್ಲಿ 'ಪೂರಾ ಸಚ್' ಅನ್ನುವ ಸಣ್ಣ ಪತ್ರಿಕೆ ನಡೆಸುತ್ತಿದ್ದ ರಾಮಚಂದರ್ ಛತ್ರಪತಿ. ಡೇರಾ ಸಚ್ಚಾ ಸೌದಾ ಎಂಬ ಪಂಥದ ಆಶ್ರಮದೊಳಗೆ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂಬ ಹೆಸರಿಲ್ಲದ ಪತ್ರವನ್ನು ಅಚ್ಚು ಹಾಕಿದರು. 2002ರ ಅಕ್ಟೋಬರ್‌ನಲ್ಲಿ ಮನೆ ಮುಂದೆ ಗುಂಡು ಹೊಡೆದರು, ನವೆಂಬರ್‌ನಲ್ಲಿ ತೀರಿಕೊಂಡರು. ಮಗ ಅಂಶುಲ್ ಹೈಕೋರ್ಟಿಗೆ ಹೋಗಿ ತನಿಖೆಯನ್ನು ಸಿಬಿಐಗೆ ಕೊಡಿಸಿದ. ಅಪ್ಪನ ಪತ್ರಿಕೆಯನ್ನೂ ನಡೆಸಿದ. 2019ರ ಜನವರಿಯಲ್ಲಿ ಪಂಚಕುಲದ ಸಿಬಿಐ ವಿಶೇಷ ನ್ಯಾಯಾಲಯ ಡೇರಾದ ಮುಖ್ಯಸ್ಥನಿಗೂ ಇನ್ನೂ ಮೂವರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. 16 ವರ್ಷ! ಮೇಲ್ಮನವಿಯ ದಾರಿ ಅದರ ನಂತರದ ಮಾತು. ಆ ಕೇಸಿನಲ್ಲಿ ಡೇರಾದ ಮಾಜಿ ಚಾಲಕನೊಬ್ಬ ಸಾಕ್ಷಿ. ಒಮ್ಮೆ ಹೇಳಿಕೆ ಕೊಟ್ಟ, ಹೆದರಿ ತಿರುಗಿಬಿದ್ದ, ವರ್ಷಗಳ ನಂತರ ಮತ್ತೆ ಬಂದು ಸಾಕ್ಷಿ ಹೇಳಿದ. ಅವನು ಬರುವವರೆಗೆ ಕೇಸು ಜೀವಂತ ಇದ್ದದ್ದು ಯಾರಿಂದ ಹೇಳಿ.

ಧಾರವಾಡದ ಕಲಬುರ್ಗಿ ಅವರು ಪತ್ರಕರ್ತರಲ್ಲ, ವಿದ್ವಾಂಸರು. ಆದರೆ ಅವರ ಕೇಸು ಗೌರಿ ಕೇಸಿನ ಜೊತೆ ಹೆಣೆದುಕೊಂಡಿದೆ. 2015ರ ಆಗಸ್ಟ್ 30ರಂದು ಮನೆ ಬಾಗಿಲಿಗೆ ಬಂದು ಕೊಂದರು. ವರ್ಷಗಳು ಕಳೆದರೂ ತನಿಖೆ ಕದಲಲಿಲ್ಲ. ಪತ್ನಿ ಉಮಾದೇವಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರುವರಿಯಲ್ಲಿ ಗೌರಿ ಕೇಸಿನ ಎಸ್‌ಐಟಿಗೇ ಈ ತನಿಖೆ ಬಂತು, ಅದೇ ವರ್ಷ ಚಾರ್ಜ್‌ಶೀಟ್ ಆಯಿತು. ಎರಡೂ ಕೊಲೆಗೆ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತ್ತು. ಮೊದಲ ಕೊಲೆಯ ತನಿಖೆ ಬೇಗ ಆಗಿದ್ದರೆ ಎರಡನೆಯದು ಆಗುತ್ತಿತ್ತಾ ಅನ್ನುವ ಪ್ರಶ್ನೆ ನನಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಉತ್ತರ ಯಾರಿಗೂ ಗೊತ್ತಾಗಲ್ಲ, ಬಿಡಿ.

ಗೌರಿ ಕೇಸಿನಲ್ಲಿ ತಂಗಿ ಕವಿತಾ ಲಂಕೇಶ್. ಆರೋಪಿಗಳ ಮೇಲೆ ಹಾಕಿದ್ದ ಕೋಕಾ, ಅಂದರೆ ಸಂಘಟಿತ ಅಪರಾಧ ತಡೆ ಕಾಯ್ದೆಯನ್ನು 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಒಬ್ಬ ಆರೋಪಿಯ ಮಟ್ಟಿಗೆ ತೆಗೆದುಹಾಕಿತು. ಇದು ಸಣ್ಣ ತಾಂತ್ರಿಕ ವಿಷಯ ಅಲ್ಲ. ಕೋಕಾ ಇದ್ದರೆ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯ ಆಗುತ್ತದೆ, ಇಲ್ಲದಿದ್ದರೆ ಆಗಲ್ಲ. ಕವಿತಾ ಸುಪ್ರೀಂ ಕೋರ್ಟಿಗೆ ಹೋಗಿ ವಾದಿಸಿದರು, ಅದೇ ಅಕ್ಟೋಬರ್‌ನಲ್ಲಿ ಹೈಕೋರ್ಟಿನ ಆದೇಶ ರದ್ದಾಯಿತು. ಅವರು ಸುಮ್ಮನಿದ್ದಿದ್ದರೆ ಆ ಆರೋಪಿಯ ಮಟ್ಟಿಗೆ ಕೇಸಿನ ಬುಡವೇ ಸಡಿಲವಾಗುತ್ತಿತ್ತು.

ಕೊಲೆಯಾದವರ ಮನೆಯವರು ಕೋರ್ಟಿನಲ್ಲಿ ಬರೀ ಅಳುವ ಪ್ರೇಕ್ಷಕರಲ್ಲ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ಅವರಿಗೆ ತಿಳಿಸಬೇಕು. ಸರ್ಕಾರಿ ವಕೀಲರಿಗೆ ನೆರವಾಗಲು ತಮ್ಮದೇ ವಕೀಲರನ್ನು ಕೋರ್ಟಿನ ಅನುಮತಿ ಪಡೆದು ಇಟ್ಟುಕೊಳ್ಳಬಹುದು. ಬಿಡುಗಡೆಯಾದರೆ ಮೇಲ್ಮನವಿ ಹಾಕಬಹುದು. ಜಾಮೀನು ಅರ್ಜಿಯಲ್ಲೂ ಅವರ ಮಾತು ಕೇಳಬೇಕು ಎಂದು ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿಸಿದ ಲಖೀಂಪುರ ಖೇರಿ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಸತ್ತವರಲ್ಲೂ ಒಬ್ಬ ಸ್ಥಳೀಯ ಪತ್ರಕರ್ತ ಇದ್ದ. ಆದರೆ ಇದಕ್ಕೆಲ್ಲ ದುಡ್ಡು ಬೇಕು, ಓಡಾಟ ಬೇಕು. ಸೋಮವಾರಪೇಟೆಯ ಮನೆಯೊಂದು 10 ವರ್ಷ ಬೆಂಗಳೂರಿಗೆ ವಾಯಿದೆಗೆ ಹೋಗಿಬರಲು ಆಗುತ್ತಾ? ನಮ್ಮ ಪತ್ರಕರ್ತರ ಸಂಘಗಳು ನಿಜಕ್ಕೂ ಬೇಕಾಗುವುದು ಇಂಥ ಕಡೆ. ಮೇಣದ ಬತ್ತಿಯ ಖರ್ಚಿನಲ್ಲಿ ಒಬ್ಬ ಕಿರಿಯ ವಕೀಲನನ್ನು ಪ್ರತಿ ವಾಯಿದೆಗೆ ಕೂರಿಸಿ, ಏನಾಯಿತು ಅಂತ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿದರೆ ಅದರ ಪರಿಣಾಮವೇ ಬೇರೆ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಿದ್ದರೆ ವಾಯಿದೆ ಕೇಳುವವರಿಗೂ ಸ್ವಲ್ಪ ನಾಚಿಕೆ ಇರುತ್ತದೆ.

ಸಾಕ್ಷಿಗಳ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಅಂತ ಒಂದಿದೆ, ಸುಪ್ರೀಂ ಕೋರ್ಟ್ ಒಪ್ಪಿ ಇಡೀ ದೇಶಕ್ಕೆ ಅನ್ವಯ ಮಾಡಿದ್ದು. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಭಾರೀ ಅಪರಾಧದ ಕೇಸಿನ ಸಾಕ್ಷಿ ಅರ್ಜಿ ಹಾಕಿದರೆ ಎಷ್ಟು ಅಪಾಯ ಇದೆ ಅಂತ ಪೊಲೀಸರು 5 ಕೆಲಸದ ದಿನದಲ್ಲಿ ವರದಿ ಕೊಡಬೇಕು. ಮನೆಗೆ ಕ್ಯಾಮೆರಾ, ಬೀಟ್ ಪೊಲೀಸ್, ಕೋರ್ಟಿಗೆ ಬೆಂಗಾವಲು, ತೀರಾ ಅಗತ್ಯ ಇದ್ದರೆ ಬೇರೆ ಊರಿಗೆ ಸ್ಥಳಾಂತರ, ಎಲ್ಲ ಇದೆ. ಗೊತ್ತಿರುವವರು ಕಡಿಮೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು, ಇಲ್ಲಿ ಸಾಕ್ಷಿಗೂ ಆರೋಪಿಗೂ ಎಲ್ಲೋ ಒಂದು ಕಡೆ ನೆಂಟಸ್ತಿಕೆ ಇದ್ದೇ ಇರುತ್ತದೆ. ಬೆದರಿಕೆ ಫೋನಿನಲ್ಲಿ ಬರುವುದಕ್ಕಿಂತ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ತುಂಬಾ ಪ್ರೀತಿಯಿಂದ ಬರುತ್ತದೆ. "ನಿನ್ನ ಒಳ್ಳೇದಕ್ಕೇ ಹೇಳೋದು" ಅಂತ. ಅದನ್ನೂ ಬರೆದಿಡಿ.

ಇದು ಉತ್ಪ್ರೇಕ್ಷೆ ಅನಿಸಿದರೆ ಛತ್ತೀಸಗಢದ ಬಿಜಾಪುರದ ಮುಕೇಶ್ ಚಂದ್ರಾಕರ್ ಕೇಸು ನೋಡಿ. ಗಂಗಾಲೂರು ರಸ್ತೆ ಕಾಮಗಾರಿಯ ಅಕ್ರಮ ಹೊರಗೆ ತಂದವರಲ್ಲಿ ಒಬ್ಬ. 2025ರ ಜನವರಿ 1ರಂದು ಕಾಣೆಯಾದ. 3ನೇ ತಾರೀಕು ಒಂದು ಸೆಪ್ಟಿಕ್ ಟ್ಯಾಂಕಿನಲ್ಲಿ ಶವ ಸಿಕ್ಕಿತು, ಮೇಲೆ ಹೊಸದಾಗಿ ಕಾಂಕ್ರೀಟ್ ಹಾಕಿದ್ದರು. ಜಾಗ ಗುತ್ತಿಗೆದಾರನದು. ಪ್ರಮುಖ ಆರೋಪಿಯಾದ ಆ ಗುತ್ತಿಗೆದಾರ ಮುಕೇಶ್‌ಗೆ ದೂರದ ಸಂಬಂಧಿ. ಟಿವಿ ಸ್ಟುಡಿಯೋದಲ್ಲಿ ಕೂತು ಕಿರುಚುವವರಿಗೆ ಈ ಗತಿ ಬರುವುದು ಅಪರೂಪ. ಸಿರ್ಸಾ, ಬಿಹಾರದ ಸಿವಾನ್, ಬಿಜಾಪುರ, ಇಂಥ ಊರುಗಳಲ್ಲಿ ರಸ್ತೆ, ಮರಳು, ಗುಡ್ಡದ ಬಗ್ಗೆ ಬರೆಯುವವರು ಸಾಯುತ್ತಾರೆ. ನಿಮ್ಮಂಥವರು. ಹೆದರಿಸಲು ಹೇಳುತ್ತಿಲ್ಲ, ನಿಮ್ಮ ಕರೆಯನ್ನು ಚಿಕ್ಕದು ಅಂದುಕೊಳ್ಳಬೇಡಿ ಅನ್ನಲು ಹೇಳುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನೋಡಿದ ಜಿಲ್ಲೆ ಇದು. ಗುಡ್ಡ ಕೊರೆಯುವ ಸುದ್ದಿ ಇಲ್ಲಿ ಜೀವ ಉಳಿಸುವ ಸುದ್ದಿ.

ಪತ್ರಕರ್ತರ ಕೊಲೆಗಳಲ್ಲಿ ಸುಮಾರು 85% ಬಗೆಹರಿಯದೇ ಉಳಿದಿವೆ ಎಂದು ಯುನೆಸ್ಕೋ 2024ರಲ್ಲಿ ಹೇಳಿತು. ಇಡೀ ಜಗತ್ತಿನ ಲೆಕ್ಕ ಅದು. ಬಗೆಹರಿದವುಗಳಲ್ಲೂ ಒಂದು ಅರೆಕೊರೆ ಇರುತ್ತದೆ. ಮಹಾರಾಷ್ಟ್ರದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೇಸು ಗೊತ್ತಲ್ಲ, ಅವರು 'ಸಾಧನಾ' ವಾರಪತ್ರಿಕೆಯ ಸಂಪಾದಕರೂ ಆಗಿದ್ದರು. 2013ರ ಕೊಲೆಗೆ 2024ರ ಮೇ ತಿಂಗಳಲ್ಲಿ ಪುಣೆಯ ಕೋರ್ಟ್ ತೀರ್ಪು ಕೊಟ್ಟಿತು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ, ಉಳಿದ ಮೂವರು ಬಿಡುಗಡೆ. ಸಂಚಿನ ಹಿಂದಿನ ತಲೆ ಯಾರದು ಅಂತ ತನಿಖೆ ತೋರಿಸಲಿಲ್ಲ ಎಂದು ನ್ಯಾಯಾಧೀಶರೇ ಬೇಸರ ಪಟ್ಟರು. ಬಂದೂಕು ಹಿಡಿದ ಕೈ ಸಿಗುತ್ತದೆ, ಅದಕ್ಕೆ ದುಡ್ಡು ಕೊಟ್ಟ ಕೈ ಸಿಗಲ್ಲ. ಎಲ್ಲ ಕಡೆಯೂ ಹೀಗೇ ಅಂತಲ್ಲ. ಮುಂಬೈನ ಪತ್ರಕರ್ತ ಜೆ. ಡೇ ಅವರ 2011ರ ಕೊಲೆಯಲ್ಲಿ 2018ರೊಳಗೆ ವಿಚಾರಣೆ ಮುಗಿದು ಭೂಗತ ಪಾತಕಿ ಛೋಟಾ ರಾಜನ್‌ಗೇ ಶಿಕ್ಷೆಯಾಯಿತು. ಮಾಲ್ಟಾದಲ್ಲಿ ಪತ್ರಕರ್ತೆ ಡಾಫ್ನೆ ಕರುವಾನಾ ಗಲಿಝಿಯಾ ಗೌರಿ ಅವರ ನಂತರ ಒಂದೂವರೆ ತಿಂಗಳೊಳಗೆ ಕಾರ್ ಬಾಂಬಿಗೆ ಬಲಿಯಾದರು. ಅಲ್ಲಿ ಮನೆಯವರು ಹಟ ಹಿಡಿದು ಬೇರೆಯದೇ ಒಂದು ಸಾರ್ವಜನಿಕ ವಿಚಾರಣೆ ಮಾಡಿಸಿದರು, ಕೊಲೆಗೆ ದಾರಿ ಮಾಡಿಕೊಟ್ಟ ವಾತಾವರಣಕ್ಕೆ ಸರ್ಕಾರವೇ ಹೊಣೆ ಎಂದು ಅದು 2021ರಲ್ಲಿ ಹೇಳಿತು. ನಮ್ಮಲ್ಲಿ ಯಾಕೆ ಅಂಥದ್ದು ಕೇಳಬಾರದು? ಯಾರು ಕೊಂದರು ಅನ್ನುವುದು ಪೊಲೀಸರ ಕೆಲಸ, ಬೆದರಿಕೆ ಬಂದಾಗ ಯಾರು ಕಣ್ಣು ಮುಚ್ಚಿದ್ದರು ಅನ್ನುವುದನ್ನೂ ಯಾರಾದರೂ ಕೇಳಬೇಕಲ್ಲ.

ನಿಮ್ಮ ಒಂದು ಹಾಳೆಯ ದೂರಿಗೆ ಬೆಲೆ ಬರುವುದು ಅಲ್ಲಿ. ನಾಳೆ ನಿಮಗೆ ಏನೂ ಆಗದಿದ್ದರೆ ಒಳ್ಳೆಯದೇ, ಅದು ಫೈಲಿನಲ್ಲಿ ಕೊಳೆಯಲಿ. ಏನಾದರೂ ಆದರೆ ತನಿಖೆ ಶುರುವಾಗುವುದು ಆ ನಂಬರಿನಿಂದ, ಆ ತಾರೀಕಿನಿಂದ. ಠಾಣೆಯವರಿಗೆ "ನಮಗೆ ಗೊತ್ತೇ ಇರಲಿಲ್ಲ" ಅನ್ನಲು ಆಗಲ್ಲ. ಅದಕ್ಕಿಂತ ಮುಖ್ಯ, ದೂರು ದಾಖಲಾಗಿದೆ ಅಂತ ಆ ಕಡೆಯವರಿಗೆ ತಿಳಿದರೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಮುಂದೆ ನಿಮಗೆ ಎಡವಿ ಬಿದ್ದು ಗಾಯ ಆದರೂ ಜನ ಮೊದಲು ಅವರ ಕಡೆ ನೋಡುತ್ತಾರೆ.

ಕಾನೂನಿನಲ್ಲಿ ಪತ್ರಿಕೆಗೆ ವಿಶೇಷ ರಕ್ಷಣೆ ಏನಿದೆ ಅಂತ ಜನ ಕೇಳುತ್ತಾರೆ. ಕಡಿಮೆ. ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಂತ ಬೇರೆ ಸಾಲೇ ಇಲ್ಲ. ಎಲ್ಲ ನಾಗರಿಕರಿಗೂ ಇರುವ 19(1)(ಎ) ವಾಕ್ ಸ್ವಾತಂತ್ರ್ಯವೇ ನಿಮಗೂ, 1950ರಿಂದ ಸುಪ್ರೀಂ ಕೋರ್ಟ್ ಅದರೊಳಗೇ ಪತ್ರಿಕೆಯನ್ನು ಸೇರಿಸಿಕೊಂಡು ಬಂದಿದೆ. ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಕೊಡಿ ಕೂಡ, ಆದರೆ ಅದರ ಕೈಯಲ್ಲಿ ಎಚ್ಚರಿಕೆ, ಛೀಮಾರಿ ಬಿಟ್ಟರೆ ಬೇರೆ ಆಯುಧ ಇಲ್ಲ. ಸುದ್ದಿಮೂಲ ಹೇಳು ಅಂತ ಪ್ರೆಸ್ ಕೌನ್ಸಿಲ್ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಪೊಲೀಸರ ಮುಂದೆ ಆ ರಕ್ಷಣೆ ಇಲ್ಲ. ಆದ್ದರಿಂದ ಗುಡ್ಡದ ದಾಖಲೆ ಕೊಟ್ಟವರ ಹೆಸರು ಫೋನಿನಲ್ಲೂ ಡೈರಿಯಲ್ಲೂ ಇರಬಾರದು. ಮಹಾರಾಷ್ಟ್ರ 2017ರಲ್ಲಿ ಪತ್ರಕರ್ತರ ಮೇಲಿನ ಹಲ್ಲೆ ತಡೆಗೆ ಕಾಯ್ದೆ ಮಾಡಿತು, 3 ವರ್ಷದವರೆಗೆ ಜೈಲು, ಡಿವೈಎಸ್‌ಪಿ ದರ್ಜೆಯವರೇ ತನಿಖೆ ಮಾಡಬೇಕು. ಛತ್ತೀಸಗಢದಲ್ಲಿ 2023ರಲ್ಲಿ ಮಸೂದೆ ಪಾಸಾಯಿತು. ಅದಾಗಿ ಎರಡು ವರ್ಷದೊಳಗೆ ಅದೇ ರಾಜ್ಯದಲ್ಲಿ ಮುಕೇಶ್ ಕೊಲೆಯಾದ, ಹಾಗಾಗಿ ಕಾಯ್ದೆ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಭಾಷಣ ಕೇಳಿದಾಗ ನನಗೆ ಅಷ್ಟೇನೂ ಉತ್ಸಾಹ ಬರಲ್ಲ.

ಇನ್ನೊಂದು ಕಡೆಯಿಂದಲೂ ಕಲ್ಲು ಬೀಳುತ್ತದೆ, ಅದು ಮಾನನಷ್ಟ. ಗೌರಿ ಅವರಿಗೇ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ಕೋರ್ಟ್ ಇಂಥ ಕೇಸಿನಲ್ಲಿ 6 ತಿಂಗಳ ಶಿಕ್ಷೆ ವಿಧಿಸಿತ್ತು. ನಿಮ್ಮ ಎರಡು ವರದಿಯ ಆಧಾರ ಏನೇನಿದೆ ನೋಡಿಕೊಳ್ಳಿ. ಭೂ ಪರಿವರ್ತನೆ ಆದೇಶ, ಪಂಚಾಯಿತಿಯ ಪರವಾನಗಿ, ಆರ್‌ಟಿಸಿ, ತಾರೀಕು ಇರುವ ಫೋಟೋ, ರೆಸಾರ್ಟಿನವರ ಪ್ರತಿಕ್ರಿಯೆ ಕೇಳಿದ್ದಕ್ಕೆ ಪುರಾವೆ. ಪ್ರತಿಕ್ರಿಯೆ ಕೇಳಿಲ್ಲವೇ? ಈಗಲೇ ಲಿಖಿತವಾಗಿ ಕೇಳಿ. ನೋಟಿಸ್ ಬಂದರೆ ಸಂಪಾದಕರಿಗೂ ಬರುತ್ತದೆ, ಅವರ ಹೆಸರು ಪತ್ರಿಕೆಯ ಕೆಳಗೆ ಅಚ್ಚಾಗಿರುತ್ತದಲ್ಲ. ಹಾಗಾಗಿ ಅವರ ಭಯವೂ ಸುಳ್ಳಲ್ಲ. ಜೊತೆಗೆ ಜಾಹೀರಾತು. ಕೊಡಗಿನ ಪತ್ರಿಕೆಗಳಿಗೆ ರೆಸಾರ್ಟ್, ಹೋಂಸ್ಟೇ ಜಾಹೀರಾತು ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕೇ ನನ್ನ ಸಲಹೆ, ಈ ಸುದ್ದಿಯನ್ನು ಒಬ್ಬರೇ ಹೊತ್ತುಕೊಳ್ಳಬೇಡಿ. ನಿಮ್ಮ ಫೈಲಿನ ನಕಲನ್ನು ಬೇರೆ ಎರಡು ಪತ್ರಿಕೆಯ ಗೆಳೆಯರಿಗೆ ಕೊಡಿ. ಮಡಿಕೇರಿಯಲ್ಲಿ ಒಬ್ಬರು, ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಇನ್ನೊಬ್ಬರು. ಮೂರೂ ಕಡೆ ಒಂದೇ ದಿನ ಬರಲಿ. ಎಕ್ಸ್‌ಕ್ಲೂಸಿವ್ ಹೋಗುತ್ತದೆ, ಹೋಗಲಿ. ಒಬ್ಬನ ಬಾಯಿ ಮುಚ್ಚಿಸಿದರೆ ಸುದ್ದಿ ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲೇ ತಾನೇ ಬೆದರಿಕೆ ಬರುವುದು. ಆ ಲೆಕ್ಕ ತಪ್ಪಿಸಬೇಕು. 1976ರಲ್ಲಿ ಅಮೆರಿಕದ ಅರಿಝೋನಾದಲ್ಲಿ ಡಾನ್ ಬೋಲ್ಸ್ ಎಂಬ ವರದಿಗಾರನನ್ನು ಕಾರ್ ಬಾಂಬ್ ಇಟ್ಟು ಕೊಂದಾಗ ಬೇರೆ ಬೇರೆ ಪತ್ರಿಕೆಯ ಹತ್ತಾರು ವರದಿಗಾರರು ಆ ಊರಿಗೇ ಬಂದು ಕೂತು ಅವನು ಹಿಡಿದಿದ್ದ ವಿಷಯವನ್ನು ಬರೆದರು. ಡಾಫ್ನೆ ಸತ್ತ ಮೇಲೆ 18 ಸುದ್ದಿ ಸಂಸ್ಥೆಯ 45 ಪತ್ರಕರ್ತರು ಅವರ ಕೆಲಸ ಮುಂದುವರಿಸಿದರು. ಗೌರಿ ಅವರ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಬಗ್ಗೆ ಇತ್ತು. ಅದನ್ನು ಹಿಡಿದು 2023ರಲ್ಲಿ 30 ಸಂಸ್ಥೆಗಳ 100 ಪತ್ರಕರ್ತರು ಜಗತ್ತಿನಾದ್ಯಂತ ಸುಳ್ಳು ಹರಡುವ ಕಂಪನಿಗಳ ಬೆನ್ನು ಹತ್ತಿದರು. ಅವರೆಲ್ಲ ಸತ್ತ ಮೇಲೆ ಮಾಡಿದರು. ನೀವು ಬದುಕಿರುವಾಗಲೇ ಮಾಡಿ ಅನ್ನುತ್ತಿದ್ದೇನೆ, ಖರ್ಚೂ ಇಲ್ಲ.

ಸಂಘಕ್ಕೂ ಒಂದು ಮಾತು. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವೆ, 1843ರಲ್ಲಿ 'ಮಂಗಳೂರ ಸಮಾಚಾರ' ಶುರುವಾದ ದಿನ. ಅದನ್ನು ಹೊರತಂದ ಮೋಗ್ಲಿಂಗ್ ಮುಂದೆ ನಮ್ಮ ಕೊಡಗಿಗೇ ಬಂದು ಕೆಲವು ವರ್ಷ ಇದ್ದವರು. ಅವತ್ತು ಶಾಲು, ಹಣ್ಣಿನ ಬುಟ್ಟಿ, ಅತಿಥಿಗಳ ಭಾಷಣ, ಎಲ್ಲ ಚೆನ್ನಾಗಿ ನಡೆಯುತ್ತದೆ. ಅದೇ ದಿನ ವೇದಿಕೆ ಮೇಲೆ ಎಸ್‌ಪಿ ಅವರೂ ಇರುತ್ತಾರೆ. ಆ ವರ್ಷ ಜಿಲ್ಲೆಯ ವರದಿಗಾರರಿಗೆ ಬಂದ ಬೆದರಿಕೆಗಳ ಪಟ್ಟಿ, ಯಾವುದು ಎನ್‌ಸಿ ಆಯಿತು, ಯಾವುದು ಹಿಂಬರಹದಲ್ಲಿ ಮುಗಿಯಿತು ಅಂತ ಒಂದು ಹಾಳೆ ಅವರ ಕೈಗೆ ಕೊಡಲಿ. ಒಂದು ರಿಜಿಸ್ಟರ್ ಇಡಲು ಎಷ್ಟು ಕಷ್ಟ? ಅರೆಕಾಲಿಕ ವರದಿಗಾರರ ಹೆಸರೂ ಅದರಲ್ಲಿ ಬರಬೇಕು. ಮಾನ್ಯತಾ ಕಾರ್ಡ್ ಇದ್ದವರಿಗೆ ಮಾತ್ರ ಅಂದರೆ ನಿಮ್ಮಂಥವರು ಮತ್ತೆ ಹೊರಗೆ.

ಕೊನೆಗೆ ಬೈಲೈನ್. ಬೈಲೈನ್ ತೆಗೆದರೆ ಬೆಂಗಳೂರಿನ ಓದುಗರಿಗೆ ಗೊತ್ತಾಗಲ್ಲ. ಆದರೆ ಆ ಗುಡ್ಡದ ಹತ್ತಿರ ಬೈಕ್ ನಿಲ್ಲಿಸಿ ಫೋಟೋ ತೆಗೆದದ್ದು ಯಾರು ಅಂತ ಊರಿಗೆಲ್ಲ ಗೊತ್ತು. ಹೆಸರಿದ್ದರೂ ಇಲ್ಲದಿದ್ದರೂ ಬರೆದವರು ನೀವೇ ಅಂತ ಅವರಿಗೂ ಗೊತ್ತು. ಹೆಸರು ತೆಗೆದರೆ ನಿಮ್ಮ ಪರವಾಗಿ ನಿಲ್ಲಬಹುದಾದ ಓದುಗರಿಗೆ ಮಾತ್ರ ಗೊತ್ತಾಗಲ್ಲ. ಆದ್ದರಿಂದ ಮುಂದಿನ ವರದಿ ಇಬ್ಬರು ಮೂವರ ಜಂಟಿ ಬೈಲೈನ್‌ನಲ್ಲಿ ಬರಲಿ, ಸಂಪಾದಕರು ಒಪ್ಪದಿದ್ದರೆ "ನಮ್ಮ ಪ್ರತಿನಿಧಿಗಳಿಂದ" ಅಂತ ಬಹುವಚನದಲ್ಲಾದರೂ ಹಾಕಿಸಿ. ಸೈಟಿಗೆ ಒಬ್ಬರೇ ಹೋಗಬೇಡಿ, ಹೋಗುವ ಮುಂಚೆ ಯಾರಿಗಾದರೂ ಹೇಳಿ ಹೋಗಿ, ಅದೂ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ. ದೂರಿನ ಕರಡು ಬರೆದು ಕಳಿಸಿ, ಠಾಣೆಗೆ ಹೋಗುವ ಮೊದಲು ಒಮ್ಮೆ ನೋಡಿಕೊಡುತ್ತೇನೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೋವಿ ಬಿಟ್ಟು.